ನ್ಯೂಟ್ರಲ್ ಎಂಬ ನಾಯಿಗೆ ನಾನು ಕಲಿಸಿದ್ದು

ಎರಡು ಕಿವಿಯಿರುವ ಯಾವ ಜೀವಿಯನ್ನಾದರೂ ತಂದು ನನ್ನ ಮುಂದೆ ನಿಲ್ಲಿಸಿ. ಹದಿನೈದೇ ದಿನ! ಹೇಳಿದ ಮಾತು ಕೇಳುವ ಹಾಗೆ ಮಾಡಿ ವಾಪಸ್ ಕೊಡುತ್ತೇನೆ. ಇದು ಜಂಬವಲ್ಲ, ಇಪ್ಪತ್ತೆರಡು ವರ್ಷಗಳ ಅನುಭವ. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಎಡಗೈ ಯಾವುದು ಎಂದು ಕೇಳಿದರೆ ವಾಚು ಎಲ್ಲಿದೆ ಎಂದು ನೋಡಿಕೊಂಡು ಹೇಳುವವರಿಗೆ ರಿವರ್ಸ್ ತೆಗೆಯುವುದನ್ನು ಕಲಿಸಿದವನು. ನಾನು ಒಮ್ಮೆ “ಬ್ರೇಕ್!” ಎಂದರೆ ನಮ್ಮ ಕಾರಷ್ಟೇ ಅಲ್ಲ, ಪಕ್ಕದಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ ಸೈಕಲ್ಲೂ ನಿಂತದ್ದುಂಟು. ಇಂಥ ನಾನು ಒಂದು ನಾಯಿಯ ಮುಂದೆ ಹೇಗೆ ಮಣ್ಣು ಮುಕ್ಕಿದೆ ಎನ್ನುವುದನ್ನು ನೀವು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ.

ನಮ್ಮ ಮನೆಗೆ ನಾಯಿಗಳು ಬರುವುದು ಅತಿಥಿಗಳಾಗಿ. ಊರಾಚೆ ಒಂದು ಶೆಲ್ಟರ್ ಇದೆ. ಗಾಯಗೊಂಡು ರಸ್ತೆಯಲ್ಲಿ ಬಿದ್ದವು, ಮನೆ ಬದಲಾಯಿಸುವಾಗ ಯಾರೋ ಗೇಟಿಗೆ ಕಟ್ಟಿ ಬಿಟ್ಟು ಹೋದವು, ಇಂಥವನ್ನೆಲ್ಲ ಅಲ್ಲಿಗೆ ತಂದು ಮದ್ದು ಮಾಡುತ್ತಾರೆ. ಆದರೆ ಬಹಳ ದಿನ ಕಂಬಿಯ ಹಿಂದಿದ್ದ ನಾಯಿಗೆ ಮನೆ ಎಂದರೇನು ಎನ್ನುವುದೇ ಮರೆತುಹೋಗಿರುತ್ತದೆ. ಶಾಶ್ವತವಾದ ಮನೆ ಸಿಗುವ ತನಕ ಯಾರಾದರೂ ಒಂದೆರಡು ತಿಂಗಳು ತಮ್ಮಲ್ಲಿಟ್ಟುಕೊಂಡು ರೀತಿನೀತಿ ಕಲಿಸಬೇಕು. ಆ ‘ಯಾರಾದರೂ’ ಸಾಮಾನ್ಯವಾಗಿ ನನ್ನ ಹೆಂಡತಿ. ಮಧ್ಯಾಹ್ನದವರೆಗೆ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಸರಿಮಾಡುತ್ತಾಳೆ, ಆಮೇಲೆ ಮನೆಗೆ ಬಂದು ನಾಯಿಗಳನ್ನು ಸರಿಮಾಡುತ್ತಾಳೆ. ಹೀಗೆ ಒಂಬತ್ತು ಬಂದು ಹೋಗಿದ್ದವು. ಪ್ರತಿಯೊಂದು ಹೋದ ದಿನವೂ ಅವಳು ಅದರ ತಟ್ಟೆ ತೊಳೆದು ಕವುಚಿಟ್ಟು, ಟವೆಲಿನಲ್ಲಿ ಮೊದಲು ಕೈ ಒರೆಸಿಕೊಂಡು ಆಮೇಲೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನ ಪಾತ್ರ ಸ್ನಾನದ ಹೊತ್ತಿಗೆ ಬಕೆಟ್ ಹಿಡಿಯುವುದಷ್ಟೇ ಆಗಿತ್ತು.

ಹತ್ತನೆಯದನ್ನು ಶೆಲ್ಟರಿನ ಡಾಕ್ಟರಮ್ಮ ತಾವೇ ಕರೆತಂದರು. ಕಂದು ಬಣ್ಣ, ಮಡಚಿದ ಒಂದು ಕಿವಿ, ನಾಲ್ಕು ವರ್ಷ ವಯಸ್ಸು. ಕಾರಿನಿಂದ ಇಳಿದದ್ದೇ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಮಲಗಿಬಿಟ್ಟಿತು.

“ಇವನು ಮೂರು ಮನೆಯಿಂದ ವಾಪಸ್ ಬಂದಿದ್ದಾನೆ,” ಎಂದರು ಡಾಕ್ಟರಮ್ಮ. “ಕಚ್ಚಲ್ಲ, ಬೊಗಳೋದೂ ಕಮ್ಮಿ. ಹೇಳಿದ ಮಾತು ಕೇಳಲ್ಲ, ಅದೊಂದೇ ದೂರು. ನಮ್ಮಲ್ಲಿ ಒಂದು ನಿಯಮ ಇದೆ. ನಾಲ್ಕನೇ ಮನೆಯಿಂದಲೂ ವಾಪಸ್ ಬಂದ್ರೆ ಮತ್ತೆ ಯಾರಿಗೂ ಕೊಡೋ ಹಾಗಿಲ್ಲ. ಹಿಂದಿನ ಸಾಲಿನ ಗೂಡಲ್ಲೇ ಕೊನೇ ತನಕ ಇರ್ಬೇಕು.”

ಹೆಂಡತಿ ನೆಲದ ಮೇಲೆ ಕೂತು ಅದರ ಮಡಚಿದ ಕಿವಿಯನ್ನು ಬಿಡಿಸಿದಳು. ಅದು ಮತ್ತೆ ಮಡಚಿಕೊಂಡಿತು. ಅವಳ ಮುಖ ನೋಡಿ ನನಗೆ ಮರುಕ ಬಂತು. ಮರುಕ ಬಂದಾಗಲೆಲ್ಲ ನನಗೆ ಜೊತೆಯಲ್ಲೇ ಜಂಬವೂ ಬರುತ್ತದೆ. ಅದೊಂದು ಕಾಯಿಲೆ.

“ಇವನ ತರಬೇತಿ ನನಗೆ ಬಿಡು,” ಎಂದೆ.

“ನಿಮಗಾ?”

“ಯಾಕೆ? ಎಂಥೆಂಥವರನ್ನ ದಾರಿಗೆ ತಂದಿಲ್ಲ ನಾನು? ಊಟ, ಸ್ನಾನ, ಮದ್ದು ನಿನ್ನ ಇಲಾಖೆ. ಶಿಸ್ತು ನನ್ನ ಇಲಾಖೆ. ಮಧ್ಯದಲ್ಲಿ ನೀನು ಬಾಯಿ ಹಾಕಬಾರದು. ಒಂದೇ ಗಾಡಿಗೆ ಇಬ್ಬರು ಮೇಷ್ಟ್ರು ಕೂತ್ರೆ ಕಲಿಯೋನು ಹೋಗಿ ಕಂಬಕ್ಕೆ ಗುದ್ದುತ್ತಾನೆ.”

“ಆಯ್ತು. ನಾನು ಅವನಿಗೆ ಒಂದು ಮಾತೂ ಹೇಳಲ್ಲ,” ಎಂದಳು. ಹೇಳಿದ ಹಾಗೆಯೇ ನಡೆದುಕೊಂಡಳು ಕೂಡ. ಅವಳ ಮಾತುಗಳೆಲ್ಲ ಎಂದಿನಂತೆ ನನಗೇ ಮೀಸಲಾಗಿದ್ದವು.

ಡಾಕ್ಟರಮ್ಮ ಕೊಟ್ಟದ್ದು ಐದು ಪಾಠ: ಕರೆದರೆ ಬರಬೇಕು, ಕೂರು ಎಂದರೆ ಕೂರಬೇಕು, ಬಾಯಲ್ಲಿದ್ದದ್ದನ್ನು ಬಿಡು ಎಂದರೆ ಬಿಡಬೇಕು, ಬಾಗಿಲಲ್ಲಿ ನಿಲ್ಲಬೇಕು, ಹೋಗು ಎಂದರೆ ತನ್ನ ಜಾಗಕ್ಕೆ ಹೋಗಬೇಕು. ಗಡುವು ಒಂದು ತಿಂಗಳು. ನಾನು ಒಂದು ಶಿಳ್ಳೆ, ಸ್ಕೂಲಿನಿಂದ ನಾಲ್ಕು ಕಿತ್ತಳೆ ಬಣ್ಣದ ಕೋನು, ಹಾಜರಿ ಹಾಕಲು ಒಂದು ನೋಟ್‌ಬುಕ್ ತಂದೆ. ದಿನಾ ಬೆಳಿಗ್ಗೆ ಆರರಿಂದ ಏಳು, ಅಂಗಳದಲ್ಲಿ ತರಗತಿ.

ಮೊದಲ ದಿನ “ಕೂತ್ಕೋ” ಎಂದೆ, ಎದ್ದು ನಿಂತಿತು. “ಬಾ” ಎಂದೆ, ಮಲಗಿತು. ಶಿಳ್ಳೆ ಊದಿದೆ, ಆಕಳಿಸಿತು. ಎರಡನೆಯ ದಿನ ಒಂದು ಕೋನನ್ನು ಕಚ್ಚಿಕೊಂಡು ಹೋಗಿ ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡಿತು. ಮೂರನೆಯ ದಿನ ನಾನು ಅದಕ್ಕೆ ಹೆಸರಿಟ್ಟೆ: ನ್ಯೂಟ್ರಲ್. ಎಷ್ಟೇ ಆಕ್ಸಿಲರೇಟರ್ ಒತ್ತಿದರೂ, ಇಂಜಿನ್ನು ಎಷ್ಟೇ ಕಿರುಚಿದರೂ ಗಾಡಿ ಮುಂದೆ ಹೋಗುತ್ತಿಲ್ಲ ಎಂದರೆ ಮತ್ತೇನೆನ್ನಬೇಕು? ಕಿರುಚುವ ಇಂಜಿನ್ನು ನಾನೇ ಆಗಿದ್ದೆ. ಐದನೆಯ ದಿನ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ತಲೆ ಮೇಲೆ ಬಂತು.

“ಮೇಷ್ಟ್ರೇ, ನಿಮ್ಮ ದನಿಗೆ ಹೆದರಿ ನಾನು ಮೂರು ಸಲ ಕೂತು ಎದ್ದೆ. ಇನ್ನು ನನ್ನ ಮಂಡಿ ಕೇಳಲ್ಲ. ಅದಕ್ಕೆ ಬೇಗ ಹೇಳಿಕೊಟ್ಟು ಮುಗಿಸ್ರೀ,” ಎಂದರು.

ಹತ್ತು ದಿನಕ್ಕೆ ನೋಟ್‌ಬುಕ್ಕಿನಲ್ಲಿ ಹತ್ತು ಕಾಟು. ಹನ್ನೊಂದನೆಯ ದಿನ ಪವಾಡ ನಡೆಯಿತು.

ತರಗತಿ ಮುಗಿಸಿ ಬೇಸರದಿಂದ ಒಳಗೆ ಕಾಲಿಡುತ್ತಿದ್ದೆ. “ರೀ, ಅಲ್ಲೇ ನಿಂತ್ಕೊಳ್ಳಿ. ಕಾಲು ಒರೆಸ್ಕೊಂಡು ಬನ್ನಿ,” ಎಂದಳು ಹೆಂಡತಿ ಒಳಗಿನಿಂದ. ನಿಂತು ಒರೆಸಿಕೊಂಡೆ. ತಿರುಗಿ ನೋಡಿದರೆ ನ್ಯೂಟ್ರಲ್ ಹೊಸ್ತಿಲಲ್ಲಿ ನಿಂತು ಮ್ಯಾಟಿನ ಮೇಲೆ ನಾಲ್ಕೂ ಕಾಲನ್ನು ಒಂದೊಂದಾಗಿ ಕೆರೆಯುತ್ತಿತ್ತು. ಬಾಗಿಲಲ್ಲಿ ನಿಲ್ಲುವ ಪಾಠ! ಓಡಿ ಹೋಗಿ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿ ಪಕ್ಕದಲ್ಲಿ ಸಮಯ ಬರೆದೆ.

ಅದೇ ಸಂಜೆ ನಾನು ಬಿಸ್ಕತ್ತಿನ ಡಬ್ಬಿಗೆ ಕೈಹಾಕಿ ಎರಡು ತೆಗೆದಿದ್ದೆ. “ರೀ, ಸಕ್ಕರೆ ಕಮ್ಮಿ ಮಾಡಿ ಅಂತ ಹೇಳಿಲ್ವಾ ನಿಮಗೆ? ಇಡಿ ಕೆಳಗೆ,” ಎಂದಳು. ಇಟ್ಟೆ. ಟಪ್ ಎಂದು ಶಬ್ದವಾಯಿತು. ನ್ಯೂಟ್ರಲ್ ತನ್ನ ಬಾಯಲ್ಲಿದ್ದ ನನ್ನ ಚಪ್ಪಲಿಯನ್ನು ಕೆಳಗಿಟ್ಟಿತ್ತು. ಇನ್ನೊಂದು ಟಿಕ್. ಮರುದಿನ, “ರೀ, ನೆಲ ಒರೆಸ್ತಿದ್ದೀನಿ, ಒಣಗೋ ತನಕ ಕೂತ ಜಾಗದಿಂದ ಏಳಬೇಡಿ,” ಎಂದಳು. ಅರ್ಧ ಗಂಟೆ ನಾನು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತಿದ್ದೆ. ಅಷ್ಟೂ ಹೊತ್ತು ನ್ಯೂಟ್ರಲ್ ನನ್ನ ಪಕ್ಕದಲ್ಲಿ ಅಲುಗಾಡದೆ ಕೂತಿತ್ತು. ಟಿಕ್, ಟಿಕ್!

“ನೋಡಿದ್ಯಾ ನನ್ನ ಪದ್ಧತಿ? ಬೆಳಿಗ್ಗೆ ಕಲಿಸಿದ್ದು ಸಂಜೆ ತಲೆಗೆ ಹತ್ತುತ್ತೆ. ಡೀಸೆಲ್ ಇಂಜಿನ್ನು, ಬಿಸಿ ಆಗೋಕೆ ಟೈಮ್ ಬೇಕು,” ಎಂದೆ.

“ನೋಡ್ತಾನೇ ಇದ್ದೀನಿ,” ಎಂದಳು. ಹಾಗೆ ಹೇಳುವಾಗ ಅವಳು ನಾಯಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಇಪ್ಪತ್ತೈದನೆಯ ದಿನ ಡಾಕ್ಟರಮ್ಮನಿಗೆ ಫೋನ್ ಮಾಡಿ, “ನಿಮ್ಮ ಅಭ್ಯರ್ಥಿ ಸಿದ್ಧ, ಪರೀಕ್ಷೆ ತಗೊಳ್ಳಬಹುದು,” ಎಂದು ಘೋಷಿಸಿದೆ. ಭಾನುವಾರ ಅವರು ಬಂದರು. ಜೊತೆಗೆ ನಾಯಿ ಬೇಕೆಂದು ಕೇಳಿದ್ದ ಟೈಲರಮ್ಮ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಯಜಮಾನ್ರು ಬರ್ಲಿಲ್ವಾ?” ಎಂದಳು ಹೆಂಡತಿ.

“ಬನ್ನಿ ಅಂದೆ ಅಕ್ಕಾ. ಹ್ಞೂ ಅಂದ್ರು. ಸೋಫಾದಿಂದ ಏಳಲಿಲ್ಲ,” ಎಂದರು ಟೈಲರಮ್ಮ.

ಹೆಂಡತಿ ಚಹಾ ಮಾಡಲು ಒಳಗೆ ಹೋದಳು. ನಾನು ಎದೆಯುಬ್ಬಿಸಿ ಅಂಗಳದ ನಡುವೆ ನಿಂತು ಶಿಳ್ಳೆ ಊದಿದೆ. “ನ್ಯೂಟ್ರಲ್, ಬಾ!” ನ್ಯೂಟ್ರಲ್ ಬಂತು, ನನ್ನ ಬಳಿಗಲ್ಲ, ಟೈಲರಮ್ಮನ ಬಳಿಗೆ. ನೇತಾಡುತ್ತಿದ್ದ ಟೇಪಿನ ತುದಿಯನ್ನು ಮೂಸಿತು, ಕಚ್ಚಿತು, ಓಡಿತು. “ಬಿಡು!” ಎಂದೆ. ಇನ್ನೂ ಜೋರಾಗಿ ಓಡಿತು. ನಾನು ಹಿಂದೆ ಓಡಿದೆ. ಹೂಕುಂಡದ ಸುತ್ತ ಒಂದು ಸುತ್ತು, ನನ್ನದೇ ಕೋನುಗಳ ನಡುವೆ ಎಂಟಿನ ಆಕಾರದಲ್ಲಿ ಎರಡು ಸುತ್ತು. ಅಷ್ಟು ಚೆನ್ನಾಗಿ ಎಂಟು ಹಾಕಿದ ವಿದ್ಯಾರ್ಥಿಯನ್ನು ನಾನು ನನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ. ಮೂರನೆಯ ಸುತ್ತಿಗೆ ನನ್ನ ಉಸಿರು ಮುಗಿಯಿತು. ಡಾಕ್ಟರಮ್ಮ ಫೈಲು ಮುಚ್ಚುತ್ತಿದ್ದರು.

ಚಹಾದ ತಟ್ಟೆ ಹಿಡಿದು ಹೆಂಡತಿ ಹೊರಗೆ ಬಂದಳು. ನನ್ನ ಕೆಂಪು ಮುಖ ನೋಡಿ ಗಾಬರಿಯಾದಳು.

“ರೀ, ಸಾಕು ಓಡಿದ್ದು. ಬನ್ನಿ ಈ ಕಡೆ.”

ಬಂದೆ. ನ್ಯೂಟ್ರಲ್ಲೂ ಬಂತು.

“ಕೂತ್ಕೊಳ್ಳಿ ಮೆಟ್ಟಿಲ ಮೇಲೆ.”

ಕೂತೆ. ಪಕ್ಕದಲ್ಲಿ ನ್ಯೂಟ್ರಲ್ ಕೂತಿತು.

“ಬಾಯಲ್ಲಿರೋ ಶಿಳ್ಳೆ ತೆಗೀರಿ ಮೊದ್ಲು, ಉಸಿರಾಡಿ.”

ತೆಗೆದೆ. ಟೇಪು ನೆಲಕ್ಕೆ ಬಿತ್ತು.

ಡಾಕ್ಟರಮ್ಮ ಮೆಲ್ಲಗೆ ಫೈಲು ಬಿಚ್ಚಿ, “ಇನ್ನೊಂದು ಸಲ ಎಬ್ಬಿಸಿ ಕೂರಿಸಿ, ನೋಡೋಣ,” ಎಂದರು.

“ನಾಯೀನಾ, ಇವರನ್ನಾ?” ಎಂದಳು ಹೆಂಡತಿ.

“ಯಾರನ್ನ ಎಬ್ಬಿಸಿದರೂ ನಡೆಯುತ್ತೆ ಅನ್ಸುತ್ತೆ,” ಎಂದರು ಡಾಕ್ಟರಮ್ಮ.

ಟೈಲರಮ್ಮನಿಗೆ ಸಂತೋಷವೋ ಸಂತೋಷ. “ಎಷ್ಟು ವಿಧೇಯ ಪ್ರಾಣಿ!” ಎಂದು ನ್ಯೂಟ್ರಲ್‌ನ ತಲೆ ಸವರಿದರು. ಪ್ರಾಣಿ ಎಂದದ್ದು ಯಾರಿಗೆ ಎಂದು ನಾನು ಕೇಳಲು ಹೋಗಲಿಲ್ಲ. ನ್ಯೂಟ್ರಲ್ ಅವರ ಜೊತೆ ಹೋಯಿತು. ಹೆಂಡತಿ ತಟ್ಟೆ ತೊಳೆದಳು, ಕವುಚಿಟ್ಟಳು. ನಾನು ಮಾತ್ರ ಇಡೀ ಸಂಜೆ ನನ್ನ ಪದ್ಧತಿಯ ಬಗ್ಗೆ ಒಂದು ಪುಸ್ತಕ ಬರೆಯುವ ಯೋಚನೆಯಲ್ಲಿದ್ದೆ.

ಬುಧವಾರ ಫೋನ್ ಬಂತು. ಹೆಂಡತಿ ಎತ್ತಿ ಸ್ಪೀಕರ್ ಹಾಕಿದಳು.

“ಅಕ್ಕಾ, ಇವನು ನಾನು ಹೇಳಿದ್ದೊಂದೂ ಕೇಳಲ್ಲ,” ಎಂದರು ಟೈಲರಮ್ಮ. ದನಿಯಲ್ಲಿ ಅಳು ಇತ್ತು. “ಕೂತ್ಕೋ ಅಂದ್ರೆ ನಮ್ಮನೆಯವರ ಮುಖ ನೋಡ್ತಾನೆ. ಬಾ ಅಂದ್ರೂ ಅವರ ಮುಖಾನೇ ನೋಡ್ತಾನೆ. ಅವರು ಅಲ್ಲಾಡಲ್ಲ, ಇವನೂ ಅಲ್ಲಾಡಲ್ಲ. ಈಗ ಸೋಫಾ ಮೇಲೆ ಅವರ ಪಕ್ಕದಲ್ಲೇ ಮಲಗಿದ್ದಾನೆ. ಒಬ್ಬರನ್ನ ಏಳಿಸೋಕೇ ಹದಿನೆಂಟು ವರ್ಷದಿಂದ ಆಗಿಲ್ಲ ನನಗೆ, ಇಬ್ಬರನ್ನ ಎಲ್ಲಿಂದ ಏಳಿಸಲಿ? ಶನಿವಾರ ವಾಪಸ್ ಕೊಟ್ಬಿಡ್ತೀನಿ.”

ಹೆಂಡತಿ ಫೋನ್ ಇಟ್ಟು, “ಅವನು ಯಾವತ್ತೂ ಮಾತು ಕೇಳ್ತಿರ್ಲಿಲ್ಲ ರೀ. ನಿಮ್ಮನ್ನ ನೋಡಿ ಮಾಡ್ತಿದ್ದ,” ಎಂದಳು.

“ಅಂದ್ರೆ?”

“ನಾನು ನಿಮಗೆ ಹೇಳ್ತಿದ್ದೆ, ನೀವು ಮಾಡ್ತಿದ್ರಿ. ಓಹೋ, ಈ ಮನೇಲಿ ಹೀಗೆ ಅಂತ ಅವನೂ ಮಾಡ್ತಿದ್ದ. ಆ ಮನೇಲಿ ಹಾಗೆ ಅಂತ ಈಗ ಹಾಗೆ ಮಾಡ್ತಿದ್ದಾನೆ.”

ನಾನು ನೋಟ್‌ಬುಕ್ ತೆಗೆದೆ. ಟಿಕ್ಕುಗಳ ಪಕ್ಕದ ಸಮಯಗಳನ್ನು ಒಂದೊಂದಾಗಿ ನೋಡಿದೆ. ಬೆಳಿಗ್ಗೆ ಏಳು ಗಂಟೆ ಐದು ನಿಮಿಷ: ಕಾಲು ಒರೆಸಿದ್ದು. ಸಂಜೆ ಆರು ಇಪ್ಪತ್ತು: ಬಿಸ್ಕತ್ತು. ಬೆಳಗಿನ ಆರರಿಂದ ಏಳರ ಒಳಗೆ ಒಂದೇ ಒಂದು ಟಿಕ್ ಇರಲಿಲ್ಲ. ಆದರೂ ಇಪ್ಪತ್ತೆರಡು ವರ್ಷದ ಅನುಭವ ಅಷ್ಟು ಸುಲಭವಾಗಿ ಸೋಲೊಪ್ಪುತ್ತದೆಯೇ?

“ಹಾಗಾದ್ರೆ ನಾನು ನೀನು ಹೇಳಿದ್ದನ್ನೆಲ್ಲ ಕೇಳ್ತೀನಿ ಅಂತಾನಾ ನಿನ್ನ ಅರ್ಥ?”

“ಕೇಳಲ್ವಾ?”

“ಖಂಡಿತ ಇಲ್ಲ.”

“ಸರಿ ಬಿಡಿ. ಆಗಿನಿಂದ ನಿಂತೇ ಇದ್ದೀರಿ, ಕೂತ್ಕೊಳ್ಳಿ.”

ಕೂತೆ. ಕೂತ ಮೇಲೆ ಗೊತ್ತಾಯಿತು.

ನಗು ಬರಬೇಕಿತ್ತು, ಇಬ್ಬರಿಗೂ ಬರಲಿಲ್ಲ. ಆ ನಾಯಿ ಮೂರು ಮನೆಗಳಿಂದ ಯಾಕೆ ವಾಪಸ್ ಬಂದಿತು ಎಂದು ಈಗ ಅರ್ಥವಾಗುತ್ತಿತ್ತು. ಎಲ್ಲರೂ ಅದಕ್ಕೆ ಹೇಳಿದ್ದರು, ಯಾರೂ ಮಾಡಿ ತೋರಿಸಿರಲಿಲ್ಲ. ಹಿಂದಿನ ಸಾಲಿನ ಗೂಡಿನಲ್ಲಿ ಅದು ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಮಲಗಿರುವುದು ನನ್ನ ಕಣ್ಣಿಗೆ ಕಟ್ಟಿತು. ಅಲ್ಲಿ ಅದು ನೋಡಿ ಕಲಿಯುವುದಕ್ಕೆ ಎದುರಿನ ಗೋಡೆಯೊಂದೇ ಇರುತ್ತದೆ. ನನಗೆ ಆ ನಾಯಿಯ ಮೇಲೆ ಅಷ್ಟೊಂದು ಪ್ರೀತಿ ಇತ್ತೆಂದು ಆ ತನಕ ನನಗೇ ತಿಳಿದಿರಲಿಲ್ಲ.

“ನಾನು ಹೋಗ್ತೀನಿ,” ಎಂದೆ.

“ಎಲ್ಲಿಗೆ?”

“ಟೈಲರಮ್ಮನ ಮನೆಗೆ. ಅಲ್ಲಿ ಮಾತು ಕೇಳೋರು ಒಬ್ಬರೂ ಇಲ್ಲ. ಅದು ಯಾರನ್ನ ನೋಡಿ ಕಲೀಬೇಕು?”

ಹೆಂಡತಿ ನನ್ನ ಮುಖವನ್ನೇ ನೋಡಿದಳು. ಈ ಸಲ ಅದು ನಿಜವಾಗಿಯೂ ಮೆಚ್ಚುಗೆಯೇ. ಅವಳೇ ಫೋನ್ ಮಾಡಿ ಟೈಲರಮ್ಮನಿಂದ ಒಂದು ವಾರದ ಕಾಲಾವಕಾಶ ಕೇಳಿದಳು.

ಸಂಜೆಯ ಕ್ಲಾಸು ಮುಗಿಸಿ ನೇರವಾಗಿ ಅಲ್ಲಿಗೆ ಹೋದೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಗುಡ್ಡೆ ಬಿದ್ದ ಶಾಲಾ ಸಮವಸ್ತ್ರ, ಗೋಡೆಗೆ ಒಂದು ಸೋಫಾ. ಸೋಫಾದ ಒಂದು ತುದಿಯಲ್ಲಿ ಯಜಮಾನರು, ಇನ್ನೊಂದು ತುದಿಯಲ್ಲಿ ನ್ಯೂಟ್ರಲ್. ಯಜಮಾನರು ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಕೂತು ಕೆಲಸ ಮಾಡುವವರು, ಮನೆಗೆ ಬಂದು ಅದರ ಆಯಾಸಕ್ಕೆ ಕೂರುತ್ತಿದ್ದರು. ನನ್ನನ್ನು ಕಂಡು ನ್ಯೂಟ್ರಲ್ ಬಾಲ ಬಡಿಯಿತು, ಏಳಲಿಲ್ಲ. ಆ ಮನೆಯ ಪದ್ಧತಿ ಅದು.

ಟೈಲರಮ್ಮನಿಗೆ ಸಂಕೋಚ. “ಅಣ್ಣಾ, ನಿಮಗೆ ನಾನು ಹೇಗೆ ಹೇಳಲಿ...”

“ದನಿ ಗಟ್ಟಿ ಇರ್ಬೇಕಮ್ಮಾ. ನಮ್ಮನೇಲಿ ಹೀಗಿರುತ್ತೆ ನೋಡಿ,” ಎಂದು ಹೆಂಡತಿಯ ದನಿಯಲ್ಲಿ ನನಗೆ ನಾನೇ, “ರೀ, ಆ ಚೀಲ ಕೆಳಗಿಟ್ಟು ಕೂತ್ಕೊಳ್ಳಿ,” ಎಂದೆ. ತಕ್ಷಣ ಚೀಲ ಕೆಳಗಿಟ್ಟು ಕೂತೆ. ಸೋಫಾದ ಮೇಲೆ ನಾಲ್ಕು ಕಣ್ಣು ಅಗಲವಾದವು.

ಎರಡನೆಯ ದಿನ ನ್ಯೂಟ್ರಲ್ ಸೋಫಾದಿಂದ ಇಳಿದು ನನ್ನ ಪಕ್ಕ ಕೂತಿತು. ಮೂರನೆಯ ದಿನ ಟೈಲರಮ್ಮನಿಗೆ ಗೇರು ಬಿತ್ತು. ಬಿದ್ದದ್ದೇ ನೇರ ಟಾಪ್ ಗೇರಿಗೆ! “ಅಣ್ಣಾ, ಆ ಬಟ್ಟೆ ಗಂಟು ಎತ್ತಿಡಿ. ಅಣ್ಣಾ, ಈ ಕಡೆ ಬನ್ನಿ. ಅಣ್ಣಾ, ನೀರು ತನ್ನಿ. ಅಣ್ಣಾ, ಸೂಜಿಗೆ ದಾರ ಪೋಣಿಸಿ.” ನ್ಯೂಟ್ರಲ್ ನನ್ನ ಬೆನ್ನಿಗೇ ಇದ್ದು, ಬನ್ನಿ ಎಂದರೆ ಬರುತ್ತಿತ್ತು, ನಿಲ್ಲಿ ಎಂದರೆ ನಿಲ್ಲುತ್ತಿತ್ತು. ದಾರ ಪೋಣಿಸುವುದೊಂದನ್ನು ಮಾತ್ರ ನನಗೆ ಬಿಟ್ಟಿತ್ತು.

ನಾಲ್ಕನೆಯ ದಿನ ಯಜಮಾನರು ಮೊದಲ ಸಲ ಬಾಯಿಬಿಟ್ಟರು.

“ಅಲ್ರೀ, ದಿನಾ ಬಂದು ನನ್ನ ಹೆಂಡತಿ ಹೇಳಿದ ಕೆಲಸ ಮಾಡ್ತೀರಲ್ಲ, ನಿಮ್ಮನೇಲಿ ಕೆಲಸ ಇಲ್ವಾ?”

“ಅಲ್ಲೀದೂ ಬೆಳಿಗ್ಗೇನೇ ಮುಗಿಸಿ ಬಂದಿರ್ತೀನಿ ಸಾರ್,” ಎಂದೆ.

ಅವರು ಆ ರಾತ್ರಿ ಏನು ಯೋಚಿಸಿದರೋ ಗೊತ್ತಿಲ್ಲ. ಮರುದಿನ ಟೈಲರಮ್ಮ “ಆ ಗಂಟು ಎತ್ತಿಡಿ” ಎಂದಾಗ ನಾನು ಬಗ್ಗಿದೆ. ನನಗಿಂತ ಮೊದಲು ಇನ್ನೊಂದು ಕೈ ಗಂಟಿನ ಮೇಲೆ ಬಿತ್ತು.

“ಬಿಡಿ. ನನ್ನ ಮನೆ ಗಂಟು, ನಾನೇ ಇಡ್ತೀನಿ,” ಎಂದರು ಯಜಮಾನರು.

ಸೋಫಾ ಖಾಲಿ! ಟೈಲರಮ್ಮನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ನ್ಯೂಟ್ರಲ್ ನನ್ನ ಮುಖ ನೋಡಿತು. ಅವರ ಮುಖ ನೋಡಿತು. ಮತ್ತೆ ನನ್ನ ಮುಖ ನೋಡಿತು. ಆಮೇಲೆ ಎದ್ದು, ಗಂಟು ಹೊತ್ತ ಯಜಮಾನರ ಹಿಂದೆ ಬಾಲ ಅಲ್ಲಾಡಿಸುತ್ತ ಒಳಗೆ ಹೋಯಿತು. ಅದಕ್ಕೆ ಮನೆ ಸಿಕ್ಕಿತ್ತು, ನನ್ನ ಕೆಲಸ ಹೋಗಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಡುವಾಗ ಒಳಗಿನಿಂದ “ರೀ, ಕೂತ್ಕೊಳ್ಳಿ, ಚಹಾ ತರ್ತೀನಿ” ಎಂಬ ದನಿ ಕೇಳಿತು. ಅದು ನನಗೆ ಹೇಳಿದ್ದಲ್ಲ ಎಂದು ನೆನಪಾಗುವಷ್ಟರಲ್ಲಿ ನಾನು ಅರ್ಧ ಕೂತಾಗಿತ್ತು.

ಆ ಶನಿವಾರ ಕಳೆಯಿತು, ಮುಂದಿನದೂ ಕಳೆಯಿತು. ನ್ಯೂಟ್ರಲ್ ವಾಪಸ್ ಬರಲಿಲ್ಲ. ತಿಂಗಳ ಕೊನೆಗೆ ಡಾಕ್ಟರಮ್ಮ ಅದರ ಕಾಗದಪತ್ರಗಳನ್ನು ಪೂರ್ತಿ ಮಾಡಲು ನಮ್ಮ ಮನೆಗೆ ಬಂದರು. ‘ತರಬೇತಿ ನೀಡಿದವರು’ ಎಂದು ಓದಿದಾಗ ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ಅವರು ಕೇಳದೆಯೇ ಹೆಂಡತಿಯ ಹೆಸರು ಬರೆದರು. ಅದರ ಕೆಳಗೆ ‘ಬಳಸಿದ ಸಾಧನಗಳು’ ಎಂದಿತ್ತು. ಬೇರೆಯವರು ಅಲ್ಲಿ ಹಗ್ಗ, ಚೆಂಡು ಎಂದೆಲ್ಲ ಬರೆಸುತ್ತಾರಂತೆ. ಡಾಕ್ಟರಮ್ಮ ಸ್ವಲ್ಪ ಯೋಚಿಸಿ ದುಂಡಗಿನ ಅಕ್ಷರದಲ್ಲಿ ಬರೆದರು: ‘ಗಂಡ – ಒಂದು. ಹಳೆಯದು, ಸುಸ್ಥಿತಿಯಲ್ಲಿದೆ.’

ಬರೆದು ತಲೆಯೆತ್ತಿದರು. “ಇನ್ನೂ ನಾಲ್ಕು ಮನೆಯಿಂದ ಇಂಥದ್ದೇ ದೂರು ಬಂದಿದೆ. ಇವರನ್ನ ಒಂದೊಂದು ವಾರ ಕಳಿಸಿಕೊಡ್ತೀರಾ?”

ನಾನು ಏನಾದರೂ ಹೇಳುವ ಮೊದಲೇ ಹೆಂಡತಿ ಹೇಳಿದಳು. “ಕಳಿಸ್ತೀನಿ. ಆದರೆ ವಾರ ಮುಗಿದ ತಕ್ಷಣ ವಾಪಸ್ ಬಿಡಬೇಕು. ಇವರಿಗೆ ಶಾಶ್ವತವಾದ ಮನೆ ಆಗಲೇ ಸಿಕ್ಕಿದೆ.”

ನಾನು ಇಬ್ಬರ ಮುಖವನ್ನೂ ನೋಡಿದೆ. ಹೆಂಡತಿ ಪೆನ್ನನ್ನು ನನ್ನ ಕಡೆಗೆ ಚಾಚಿ, “ರೀ, ಸುಮ್ನೆ ಸೈನ್ ಹಾಕಿ,” ಎಂದಳು.

ಹಾಕಿದೆ.